ಜಗಳ ಬಗೆಹರಿಸುವ ಪಾಠಗಳು ಎಲ್ಲ ಶಾಲೆಗಳ ಕೈಗೂ ಸಿಗಲಿ

ಮಾನ್ಯ ಸಂಪಾದಕರಿಗೆ,

ಬೇಸಿಗೆ ರಜೆ ಮುಗಿದು ಶಾಲೆಗಳು ಮತ್ತೆ ತೆರೆಯುತ್ತಿರುವ ಈ ದಿನಗಳಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಕೊಠಡಿ, ಶಿಕ್ಷಕರ ಕೊರತೆಗಳ ಬಗ್ಗೆ ತಮ್ಮ ಓದುಗರು ಬರೆಯುತ್ತಲೇ ಇರುತ್ತಾರೆ; ಬರೆಯಬೇಕಾದದ್ದೂ ಹೌದು. ನಾನು ಗಮನ ಸೆಳೆಯಬಯಸುವುದು ಅಷ್ಟಾಗಿ ಕಣ್ಣಿಗೆ ಬೀಳದ ಒಂದು ಸಂಗತಿಯ ಕಡೆಗೆ. ಇಂಡಿ ತಾಲ್ಲೂಕಿನ ಹಳ್ಳಿಗಳಲ್ಲಿ ಇಪ್ಪತ್ತೇಳು ವರ್ಷ ಸಮಾಜ ವಿಜ್ಞಾನ ಕಲಿಸಿ, ನಿವೃತ್ತಳಾಗಿ ಈಗ ವಿಜಯಪುರದಲ್ಲಿ ನೆಲೆಸಿರುವ ನಾನು, ಮಕ್ಕಳಿಗೆ ತಮ್ಮ ಜಗಳಗಳನ್ನು ತಾವೇ ಬಗೆಹರಿಸಿಕೊಳ್ಳುವುದನ್ನು ಕಲಿಸುವ ಎಷ್ಟೋ ಒಳ್ಳೆಯ ಪಾಠಗಳನ್ನು ಸಹೋದ್ಯೋಗಿಗಳ ಚೀಲಗಳಲ್ಲಿ, ಟಿಪ್ಪಣಿ ಪುಸ್ತಕಗಳಲ್ಲಿ, ಮೊಬೈಲುಗಳಲ್ಲಿ ಕಂಡಿದ್ದೇನೆ. ಅವುಗಳಲ್ಲಿ ಬಹುಪಾಲು ಆ ಶಿಕ್ಷಕರ ವರ್ಗಾವಣೆಯೊಂದಿಗೆ ಊರು ಬಿಟ್ಟವು, ಇಲ್ಲವೇ ನಿವೃತ್ತಿಯೊಂದಿಗೆ ಮೂಲೆ ಸೇರಿದವು. ಇಂಥ ಪಾಠಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಲ್ಲ ಶಾಲೆಗಳಿಗೂ ಸಿಗುವಂತೆ, ಸಿಕ್ಕವರು ತಮ್ಮ ಊರಿಗೆ ತಕ್ಕಂತೆ ತಿದ್ದಿ ಬಳಸುವಂತೆ ಮುಕ್ತ ಪರವಾನಗಿಯಡಿ ಹಂಚಿಕೆಯಾಗಬೇಕು ಎಂಬುದು ನನ್ನ ಬಿನ್ನಹ. ಹಾಗೆ ಹಂಚುವಾಗ ಇರಬೇಕಾದ ಎಚ್ಚರವನ್ನು ನಾವು ನಮ್ಮದೇ ತಪ್ಪಿನಿಂದ ಕಲಿತೆವು. ಅದನ್ನೂ ಇಲ್ಲಿ ಮುಚ್ಚಿಡದೆ ಹೇಳುತ್ತೇನೆ.

ಜಗಳ ಬಿಡಿಸುವುದು ಬೇರೆ, ಬಗೆಹರಿಸುವುದು ಬೇರೆ. ಬಿಡಿಸುವುದು ಎಲ್ಲರಿಗೂ ಗೊತ್ತು: ಇಬ್ಬರ ರಟ್ಟೆ ಹಿಡಿದು ಎಳೆದು ಆಚೆಗೊಬ್ಬ ಈಚೆಗೊಬ್ಬನನ್ನು ನಿಲ್ಲಿಸಿದರೆ ಮುಗಿಯಿತು. ಆದರೆ ಶಾಲೆ ಬಿಟ್ಟ ಮೇಲೆ ಅದೇ ಜಗಳ ಹಳ್ಳದ ದಂಡೆಯಲ್ಲಿ ಮುಂದುವರಿಯುತ್ತದೆ, ಮರುದಿನ ಎರಡೂ ಮನೆಗಳ ಹಿರಿಯರು ಶಾಲೆಯ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದಕ್ಕೆಲ್ಲ ಬೆತ್ತವೇ ಉತ್ತರವಾಗಿತ್ತು. ನಾನೂ ಅದನ್ನು ಹಿಡಿದಿದ್ದೆ ಎಂಬುದನ್ನು ನೆನೆದರೆ ಇಂದಿಗೂ ನೋವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದಾಗ ಬೆತ್ತ ಕೆಳಗಿಟ್ಟೆವು. ಆದರೆ ಬೆತ್ತ ಇಟ್ಟ ಕೈಗೆ ಬೇರೇನು ಕೊಡಬೇಕು ಎಂಬ ಪ್ರಶ್ನೆಗೆ ಹಳ್ಳಿಯ ಶಾಲೆಗಳವರೆಗೆ ಉತ್ತರ ಬರಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ರೂಪಿಸುವಾಗ 'ಶಾಂತಿಗಾಗಿ ಶಿಕ್ಷಣ' ಎಂಬುದಕ್ಕೆಂದೇ ತಜ್ಞರ ಗುಂಪೊಂದು ಕೆಲಸ ಮಾಡಿತ್ತು. ಅದನ್ನು ಇನ್ನೊಂದು ಹೊಸ ವಿಷಯವಾಗಿ ಹೇರದೆ ಎಲ್ಲ ವಿಷಯಗಳ ಬೋಧನೆಯಲ್ಲೂ ಬೆರೆಸಬೇಕೆಂದು ಆ ಗುಂಪು ಹೇಳಿತ್ತು. ಎಂಟನೆಯ ತರಗತಿಯ ಐವತ್ತು ಮಕ್ಕಳೆದುರು ಮಧ್ಯಾಹ್ನದ ಸೆಖೆಯಲ್ಲಿ ನಿಂತು ಬೆರೆಸುವುದು ಹೇಗೆ ಎಂಬುದನ್ನು ಮಾತ್ರ ಶಿಕ್ಷಕರೇ ಹುಡುಕಿಕೊಳ್ಳಬೇಕಾಯಿತು.

ನಾವು ಹುಡುಕಿಕೊಂಡದ್ದು ಹೇಗೆಂದು ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರಲ್ಲಿ ಹೇಳಿದ ಚಿಕ್ಕ ಪ್ರಸಂಗವೊಂದಿದೆ. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೋಣೆಯೊಂದರಲ್ಲಿ ಓದುತ್ತ ಕುಳಿತಿದ್ದಾಗ ಇನ್ನೊಬ್ಬರಿಗೆ ಕಿಟಕಿ ತೆರೆದಿರಬೇಕಿತ್ತು, ಆಕೆಗೆ ಮುಚ್ಚಿರಬೇಕಿತ್ತು. ಕೊನೆಗೆ ಯಾರೂ ಕುಳಿತಿರದ ಪಕ್ಕದ ಕೋಣೆಯ ಕಿಟಕಿಯನ್ನು ತೆರೆದರು. ಆಕೆಗೆ ಬೇಡವಾಗಿದ್ದದ್ದು ತನ್ನ ಮೈಮೇಲೆ ನೇರವಾಗಿ ಬೀಸುವ ಬಡಗಣ ಗಾಳಿ. ಇನ್ನೊಬ್ಬರಿಗೆ ಬೇಕಾಗಿದ್ದದ್ದು ಕೋಣೆಗೆ ಒಂದಿಷ್ಟು ಗಾಳಿ. ಇಬ್ಬರಲ್ಲಿ ಒಬ್ಬರು ಗೆಲ್ಲುವುದು ಒಂದು ದಾರಿ, ಇಬ್ಬರೂ ಅರ್ಧರ್ಧ ಬಿಟ್ಟುಕೊಟ್ಟು ರಾಜಿಯಾಗುವುದು ಇನ್ನೊಂದು ದಾರಿ, ಇಬ್ಬರ ಅಗತ್ಯವೂ ಈಡೇರುವಂಥದ್ದನ್ನು ಹೊಸದಾಗಿ ಹುಡುಕುವುದು ಮೂರನೆಯದು ಎಂಬ ಆಕೆಯ ವಿವರಣೆ ನಮಗೆ ತುಂಬ ಉಪಯುಕ್ತವೆನಿಸಿತು. ಆದರೆ ಗ್ರಂಥಾಲಯವನ್ನೇ ಕಾಣದ, ಬಡಗಣ ಗಾಳಿ ಬೀಸಲಿ ಎಂದು ಹಾರೈಸುವ ನಮ್ಮ ಮಕ್ಕಳಿಗೆ ಈ ಪ್ರಸಂಗವನ್ನು ಇದ್ದ ಹಾಗೆಯೇ ಹೇಳಿದರೆ ಅದು ಯಾರದೋ ಕಥೆಯಾಗಿಬಿಡುತ್ತದೆ.

ಹಾಗಾಗಿ ನಾವು ಅದನ್ನು ಹೊಲಕ್ಕೆ ಒಯ್ದೆವು. ಆಸ್ತಿ ಪಾಲಾದ ಅಣ್ಣತಮ್ಮಂದಿರ ನಡುವೆ ಒಂದೇ ಬೋರ್‌ವೆಲ್ ಇದೆ. ಅಣ್ಣನದು ನಿಂಬೆ ತೋಟ, ತಮ್ಮನದು ಉಳ್ಳಾಗಡ್ಡಿ ಮಡಿ. ತ್ರೀ ಫೇಸ್ ಕರೆಂಟು ಬರುವುದು ಕೆಲವೇ ಗಂಟೆ, ಅದೂ ಹೆಚ್ಚಾಗಿ ರಾತ್ರಿ. ಮೊದಲ ಪಾಳಿ ನನಗೇ ಬೇಕೆಂದು ಇಬ್ಬರೂ ಹಟ ಹಿಡಿದಿದ್ದಾರೆ. ಇಬ್ಬರು ಮಕ್ಕಳು ಅಣ್ಣತಮ್ಮಂದಿರಾಗುತ್ತಾರೆ, ಮೂರನೆಯ ಮಗು ನಡುವೆ ಕುಳಿತು ತೀರ್ಪು ಕೊಡದೆ 'ಯಾಕೆ ಬೇಕು?' ಎಂದಷ್ಟೇ ಕೇಳುತ್ತ ಹೋಗಬೇಕು. ಕೇಳುತ್ತ ಹೋದಂತೆ ಒಳಗಿನದು ಹೊರಬರುತ್ತದೆ: ಕರೆಂಟು ನಡುವೆ ಹೋದರೆ ಎಳೆಯ ಸಸಿ ಒಣಗಿಬಿಡುತ್ತದೆ ಎಂಬುದು ತಮ್ಮನ ಚಿಂತೆ, ಸರಿರಾತ್ರಿಯಲ್ಲಿ ಹಾವುಹುಳುವಿನ ಭಯದ ನಡುವೆ ವಯಸ್ಸಾದ ತಂದೆಯನ್ನು ನೀರು ತಿರುಗಿಸಲು ಕಳಿಸಲಾರೆ ಎಂಬುದು ಅಣ್ಣನ ಚಿಂತೆ. ಎರಡು ದಿನದ ನೀರೆಲ್ಲ ಉಳ್ಳಾಗಡ್ಡಿಗೆ, ಮೂರನೆಯ ದಿನದ ನೀರೆಲ್ಲ ನಿಂಬೆಗೆ, ಆ ರಾತ್ರಿ ಹೊಲಕ್ಕೆ ಹೋಗುವವನು ತಮ್ಮನ ಮಗ ಎಂದು ಒಂದು ಗುಂಪಿನ ಮಕ್ಕಳು ಹೇಳಿದಾಗ ನಾನು ಬೆರಗಾದೆ, ಏಕೆಂದರೆ ಪಾಠ ಬರೆದ ನನಗೇ ಆ ದಾರಿ ಹೊಳೆದಿರಲಿಲ್ಲ. ನಮ್ಮ ಊರುಗಳಲ್ಲಿ ದೈವದವರು, ಅಂದರೆ ಊರ ಹಿರಿಯರು, ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳುವುದನ್ನು ಈ ಮಕ್ಕಳು ಕಂಡೇ ಬೆಳೆದಿರುತ್ತಾರೆ. ಅಲ್ಲಿ ಹಿರಿಯರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಇಲ್ಲಿ ನಡುವೆ ಕುಳಿತ ಮಗು ಕೇಳುತ್ತದೆ, ಜಗಳವಾಡಿದವರು ಹೇಳುತ್ತಾರೆ. ಈ ವ್ಯತ್ಯಾಸ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಇಂಥ ಪಾಠಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಅನುವಾದವಾಗಿ ಬಂದವೂ ಕೆಲವಿವೆ. ಆದರೆ ಅನುವಾದದಲ್ಲಿ ಏನು ಕಳೆದುಹೋಗುತ್ತದೆ ಎಂಬುದನ್ನು ಯಾರಾದರೂ ಶಿಕ್ಷಕರನ್ನು ಕೇಳಬೇಕು. ಜಗಳದಲ್ಲಿ ಎದುರಿನವರನ್ನು ದೂರದೆ ತನ್ನ ಭಾವನೆಯನ್ನು ತಾನು ಹೇಳಿಕೊಳ್ಳುವುದನ್ನು ಕಲಿಸುವ ಅಭ್ಯಾಸ ಬಹುತೇಕ ಎಲ್ಲ ಕೈಪಿಡಿಗಳಲ್ಲೂ ಇದೆ. ನನ್ನ ಕೈಗೆ ಬಂದ ಒಂದು ಕೈಪಿಡಿಯಲ್ಲಿ ಅದು 'ನೀನು ಹೀಗೆ ಮಾಡಿದಾಗ ನಾನು ಕೋಪವನ್ನು ಅನುಭವಿಸುತ್ತೇನೆ' ಎಂದಾಗಿತ್ತು. ಯಾವ ಕನ್ನಡದ ಮಗು ಹೀಗೆ ಮಾತಾಡುತ್ತದೆ? ನಮ್ಮಲ್ಲಿ ಸಿಟ್ಟು ಬರುತ್ತದೆ, ಏರುತ್ತದೆ, ಇಳಿಯುತ್ತದೆ. 'ನನಗೆ ಸಿಟ್ಟು ಬಂತು' ಎಂದಾಗ ಸಿಟ್ಟು ಹೊರಗಿನಿಂದ ಬಂದ ಅತಿಥಿಯಂತಿದ್ದು, ಬಂದದ್ದು ಹೋಗಲೂಬಹುದು ಎಂಬ ಅರ್ಥ ಆ ವಾಕ್ಯದಲ್ಲೇ ಅಡಗಿದೆ. ನಮ್ಮ ಭಾಷೆ ಪುಕ್ಕಟೆಯಾಗಿ ಕೊಟ್ಟಿರುವ ಈ ಅನುಕೂಲವನ್ನು ಬಿಟ್ಟು ಮಕ್ಕಳ ಬಾಯಲ್ಲಿ ಕಲ್ಲು ತುರುಕಿದಂಥ ವಾಕ್ಯವನ್ನು ಹೇಳಿಸುವುದು ನನಗೆ ಸರಿಕಾಣಲಿಲ್ಲ. 'ಸಿಟ್ಟು ಯಾವಾಗ ಬಂತು, ಎಲ್ಲಿ ಬಂತು, ಈಗ ಎಷ್ಟು ಇಳಿದಿದೆ' ಎಂದು ಕೇಳುವ ಅಭ್ಯಾಸವಾಗಿ ಅದನ್ನು ಬದಲಿಸಿದೆ. ಆದರೆ ಬದಲಿಸಿದ್ದನ್ನು ಅಚ್ಚುಹಾಕಿ ಇತರ ಶಾಲೆಗಳಿಗೆ ಕೊಡಲು ಹೋದಾಗ ಕೈಪಿಡಿಯ ಕೊನೆಯ ಪುಟದ ಸಾಲು ಎದುರಾಯಿತು: ಲಿಖಿತ ಅನುಮತಿಯಿಲ್ಲದೆ ಇದರ ಯಾವ ಭಾಗವನ್ನೂ ಮರುಮುದ್ರಿಸಬಾರದು, ಮಾರ್ಪಡಿಸಬಾರದು. ನಾನು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ತಿದ್ದಿ, ನಮ್ಮ ಮಾತಿಗೆ ಒಗ್ಗಿಸಿ, ಜಿಲ್ಲೆಗೆಲ್ಲ ಹಂಚಲು ಹಕ್ಕುದಾರರ ಒಪ್ಪಿಗೆ ಬೇಕು. ಈ ತೊಡಕನ್ನು ಬಿಡಿಸಲೆಂದೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರಿಂದ ಬಳಕೆಯಲ್ಲಿವೆ. ಬರೆದವರು ಒಂದು ಸಾಲಿನಲ್ಲಿ ತಮ್ಮ ಒಪ್ಪಿಗೆಯನ್ನು ಮೊದಲೇ ಎಲ್ಲರಿಗೂ ಕೊಟ್ಟುಬಿಡುತ್ತಾರೆ. ಬರೆದವರ ಹೆಸರು ಹೇಳಿದರೆ ಸಾಕು ಎನ್ನುವುದು ಒಂದು ಬಗೆ; ಹೆಸರು ಹೇಳುವುದರ ಜೊತೆಗೆ, ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು ಎನ್ನುವುದು ಇನ್ನೊಂದು. ಮಾರ್ಪಾಡನ್ನು ಒಪ್ಪದ ಪರವಾನಗಿಯೂ ಇದೆ, ಆದರೆ ಅದರಡಿ ಅನುವಾದವನ್ನೂ ಹಂಚುವಂತಿಲ್ಲವಾದ್ದರಿಂದ ನಮ್ಮ ಕೆಲಸಕ್ಕೆ ಅದು ಬಾರದು. ಹೀಗೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಬೋಧನಾ ಸಾಮಗ್ರಿಗೆ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು ಚಾಲ್ತಿಗೆ ಬಂದದ್ದೂ 2002ರಲ್ಲಿ ಯುನೆಸ್ಕೋ ಕರೆದಿದ್ದ ಸಭೆಯಿಂದ; 2019ರ ನವೆಂಬರಿನಲ್ಲಿ ಯುನೆಸ್ಕೋದ ಮಹಾಧಿವೇಶನ ಈ ಬಗ್ಗೆ ಸದಸ್ಯ ರಾಷ್ಟ್ರಗಳಿಗೆ ಶಿಫಾರಸನ್ನೇ ಅಂಗೀಕರಿಸಿತು. ನಮ್ಮ ದೇಶದಲ್ಲಿ ಎನ್‌ಸಿಇಆರ್‌ಟಿಯ ಮುಕ್ತ ಸಂಪನ್ಮೂಲಗಳ ರಾಷ್ಟ್ರೀಯ ಭಂಡಾರ 2013ರಲ್ಲೇ ಆರಂಭವಾಯಿತು, 2017ರಲ್ಲಿ ಆರಂಭವಾದ ದೀಕ್ಷಾ ಎಂಬ ಸರ್ಕಾರಿ ಡಿಜಿಟಲ್ ಕಲಿಕಾ ತಾಣ ಇದೆ, ಶಿಕ್ಷಕರೇ ಬರೆದು ತಿದ್ದಬಹುದಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ಇದೆ. ಅಂದರೆ ಕಣಜ ಕಟ್ಟಿ ಆಗಿದೆ. ನಮ್ಮ ಕಡೆಯ ಕಾಳು ಅಲ್ಲಿಗೆ ಹೋಗಿ ಬಿದ್ದಿಲ್ಲ.

ಇನ್ನು ನಮ್ಮ ತಪ್ಪಿನ ವಿಷಯ. ನಾನೂ ಇಬ್ಬರು ಸಹೋದ್ಯೋಗಿಗಳೂ ಸೇರಿ ಇಂಥ ಹನ್ನೆರಡು ಪಾಠಗಳನ್ನು ಮೂವತ್ತಾರು ಪುಟಗಳ ಪುಸ್ತಿಕೆಯಾಗಿ ಮಾಡಿದೆವು. ಪರವಾನಗಿಯ ಸಾಲು ಬರೆಯಲಿಲ್ಲ, ದಿನಾಂಕ ಹಾಕಲಿಲ್ಲ, ನಮ್ಮ ಹೆಸರನ್ನೂ ಹಾಕಲಿಲ್ಲ. ಹೆಸರು ಹಾಕುವುದು ದೊಡ್ಡಸ್ತಿಕೆಯೆನಿಸುತ್ತದೆ ಎಂಬ ಸಂಕೋಚ. ಪುಸ್ತಿಕೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಊರೂರು ಸುತ್ತಿತು. ಸುತ್ತುವಾಗ ಯಾರೋ ಅದನ್ನು ಮುದ್ರಿಸಿ, ಪುಟಗಳ ಫೋಟೊ ತೆಗೆದು ಮತ್ತೆ ಕಳಿಸಿದರು. ಆ ಪ್ರತಿಯಲ್ಲಿ ಕೊನೆಯ ಎರಡು ಪುಟ ಇರಲಿಲ್ಲ. ಯಾವ ಸಂದರ್ಭದಲ್ಲಿ ಈ ಪಾಠಗಳನ್ನು ಬಳಸಲೇಬಾರದು ಎಂದು ನಾವು ಬರೆದಿದ್ದದ್ದು ಆ ಎರಡು ಪುಟಗಳಲ್ಲೇ.

ಮುಂದಿನ ವರ್ಷ ಬೇರೆ ತಾಲ್ಲೂಕಿನ ಪರಿಚಿತ ಶಿಕ್ಷಕಿಯೊಬ್ಬರು ಫೋನು ಮಾಡಿ, ತಮ್ಮ ಊರಿನ ಹತ್ತಿರದ ಶಾಲೆಯೊಂದರಲ್ಲಿ ನಡೆದದ್ದನ್ನು ಹೇಳಿದರು. ಆರನೆಯ ತರಗತಿಯ ಹುಡುಗಿಯೊಬ್ಬಳನ್ನು ಅವಳ ಜಾತಿಯ ಕಾರಣಕ್ಕೆ ಕೆಲವು ಮಕ್ಕಳು ನೀರಿನ ಕೊಡ ಮುಟ್ಟಗೊಡುತ್ತಿರಲಿಲ್ಲ. ಅವಳು ಒಂದು ದಿನ ಕೊಡವನ್ನು ಉರುಳಿಸಿಬಿಟ್ಟಳು. ಅಲ್ಲಿಯ ಶಿಕ್ಷಕರು ನಮ್ಮ ಪುಸ್ತಿಕೆಯನ್ನು ತೆರೆದು, ಅದರಲ್ಲಿದ್ದಂತೆಯೇ ಅವಳನ್ನೂ ಆ ಮಕ್ಕಳನ್ನೂ ಎದುರುಬದುರು ಕೂರಿಸಿ, ಇಬ್ಬರ ಸಿಟ್ಟನ್ನೂ ಕೇಳಿ, ಕೊನೆಗೆ ಪರಸ್ಪರ ತಪ್ಪಾಯಿತೆಂದು ಹೇಳಿಸಿ ಕೈ ಕುಲುಕಿಸಿದರು. ಆ ಹುಡುಗಿಯೂ ತಪ್ಪಾಯಿತೆಂದಳು. ಅನಂತರ ಬಹಳ ದಿನ ಶಾಲೆಗೆ ಬರಲಿಲ್ಲ. ಆ ಶಿಕ್ಷಕರನ್ನು ನಾನು ದೂರಲಾರೆ. ಅವರು ಬೆತ್ತ ಎತ್ತಲಿಲ್ಲ, ಕೈಗೆ ಸಿಕ್ಕ ಪಾಠವನ್ನು ಶ್ರದ್ಧೆಯಿಂದ ಮಾಡಿದರು. ಆ ಪಾಠದ ಮೇಲೆ ಹೆಸರಿದ್ದಿದ್ದರೆ, ಪೂರ್ಣ ಪ್ರತಿ ಎಲ್ಲಿ ಸಿಗುತ್ತದೆಂಬ ಒಂದು ಸಾಲಿದ್ದಿದ್ದರೆ, ಅವರು ಕೇಳಬಹುದಿತ್ತು. ಅದನ್ನು ಬರೆಯದಿದ್ದವರು ನಾವು.

ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತೇನೆ. ಜಗಳಕ್ಕೂ ದಬ್ಬಾಳಿಕೆಗೂ ವ್ಯತ್ಯಾಸವಿದೆ. ಬೆಂಚಿನ ಜಾಗಕ್ಕೆ, ಬಿಸಿಯೂಟದ ಸಾಲಿಗೆ, ಕಬಡ್ಡಿಯ ಗೆರೆಗೆ, ಬಂದ ಮಾತಿಗೆ ಹೋದ ಮಾತಿಗೆ ನಡೆಯುವುದು ಜಗಳ. ಅಲ್ಲಿ ಇಬ್ಬರೂ ಸರಿಸಮಾನರು, ಇಬ್ಬರ ಮಾತಿಗೂ ಒಂದೇ ತೂಕ. ಅಸ್ಪೃಶ್ಯತೆ ಜಗಳವಲ್ಲ. ಸಂವಿಧಾನದ 17ನೇ ವಿಧಿ ಅದನ್ನು ರದ್ದು ಮಾಡಿದೆ. ಅದರಲ್ಲಿ ಎರಡು ಪಕ್ಷಗಳಿಲ್ಲ, ರಾಜಿಗೆ ಜಾಗವಿಲ್ಲ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯವೂ ಹಾಗೆಯೇ: 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಶಾಲೆಯ ಮರ್ಯಾದೆ, ಊರಿನ ಮರ್ಯಾದೆ ಎಂದು ಹಿರಿಯರು ಸೇರಿ ಇಂಥದ್ದನ್ನು 'ಬಗೆಹರಿಸುವ' ರೂಢಿ ನಮ್ಮ ಕಡೆ ಪೂರ್ತಿ ಹೋಗಿಲ್ಲವಾದ್ದರಿಂದ, ಜಗಳ ಬಗೆಹರಿಸುವ ಪಾಠ ಆ ರೂಢಿಗೆ ಹೊಸ ಬಟ್ಟೆಯಾಗದಂತೆ ಕಾಯುವುದು ಪಾಠ ಬರೆದವರ ಹೊಣೆ. ದೊಡ್ಡವರಿಗಾಗಿ ಬಂದಿರುವ 2023ರ ಮಧ್ಯಸ್ಥಿಕೆ ಕಾಯ್ದೆಯೂ ಮಧ್ಯಸ್ಥಿಕೆಗೆ ಒಳಪಡದ ವ್ಯಾಜ್ಯಗಳ ಪಟ್ಟಿಯನ್ನು ತನ್ನ ಮೊದಲ ಅನುಸೂಚಿಯಲ್ಲೇ ಕೊಟ್ಟಿದೆ. ನಮ್ಮ ಪುಸ್ತಿಕೆಯ ಪರಿಷ್ಕೃತ ರೂಪದಲ್ಲಿ ಈಗ ಎಚ್ಚರಿಕೆ ಕೊನೆಯ ಪುಟದಲ್ಲಿಲ್ಲ. ಪ್ರತಿ ಪಾಠದ ತಲೆಯಲ್ಲೂ ಮೂರು ಸಾಲಿನಲ್ಲಿ ಅದಿದೆ, ಮಕ್ಕಳ ಸಹಾಯವಾಣಿ 1098 ಇದೆ. ಒಂದೇ ಪುಟ ಹರಿದು ಹೋದರೂ ಎಚ್ಚರಿಕೆ ಅದರೊಂದಿಗೇ ಹೋಗುತ್ತದೆ.

ಈ ಅನುಭವದ ನಂತರ ಹಂಚುವುದನ್ನೇ ನಿಲ್ಲಿಸೋಣ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ನಾನು ಯೋಚಿಸಿದಷ್ಟೂ ನನಗೆ ಅನಿಸಿದ್ದು ಬೇರೆ: ಪಾಠ ಹೇಗೂ ಹಬ್ಬುತ್ತದೆ, ಹಬ್ಬುವುದನ್ನು ತಡೆಯಲಾಗದು, ಅನಾಥವಾಗಿ ಹಬ್ಬದಂತೆ ನೋಡಿಕೊಳ್ಳಬಹುದು. ಹೆಸರು, ದಿನಾಂಕ, ಎಷ್ಟನೆಯ ಪರಿಷ್ಕರಣೆ, ಮೂಲ ಪ್ರತಿ ಇರುವ ಜಾಗ, ಪರವಾನಗಿ ಇಷ್ಟು ಪ್ರತಿ ಪುಟದ ಅಡಿಯಲ್ಲಿದ್ದರೆ ಸಾಕು. ಅಲ್ಲದೆ ಶಿಕ್ಷಕರು ಕಳಿಸಿಕೊಳ್ಳುವುದು ಬಹುತೇಕ ಫೋಟೊ ಅಥವಾ ತಿದ್ದಲಾಗದ ಪಿಡಿಎಫ್. ಕೆಲವರು ಇನ್ನೂ 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲೇ ಬೆರಳಚ್ಚು ಮಾಡಿ ಇಟ್ಟಿದ್ದಾರೆ; ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಅದನ್ನು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಅಕ್ಷರಗಳಿಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ತಿದ್ದಬಹುದಾದ ಕಡತವನ್ನು ಕೊಡದೆ ಪಾಠವನ್ನು ಮುಕ್ತವಾಗಿ ಕೊಟ್ಟೆವೆಂದು ಹೇಳಿಕೊಳ್ಳುವುದು, ಬೀಗ ತೆಗೆದು ಬಾಗಿಲನ್ನು ಮುಚ್ಚಿಯೇ ಇಟ್ಟಂತೆ. ಮಕ್ಕಳ ನಿಜವಾದ ಜಗಳಗಳನ್ನು ಪಾಠವಾಗಿಸುವಾಗ ಹೆಸರು, ಊರು, ಮನೆತನದ ಗುರುತು ಉಳಿಯದಂತೆ ಬದಲಿಸಬೇಕೆಂಬುದನ್ನೂ ಸೇರಿಸುತ್ತೇನೆ. ಹಳ್ಳಿಯಲ್ಲಿ ಬೋರ್‌ವೆಲ್ಲಿನ ಆಳ ಹೇಳಿದರೂ ಯಾರ ಹೊಲವೆಂದು ತಿಳಿದುಬಿಡುತ್ತದೆ.

ವಿಜಯಪುರದಲ್ಲಿ ಕುಳಿತು ಈ ವಿಷಯ ಬರೆಯುವಾಗ ಫ. ಗು. ಹಳಕಟ್ಟಿಯವರ ನೆನಪಾಗದೆ ಇರದು. ವಕೀಲರಾಗಿದ್ದ ಅವರು ಮನೆಮನೆ ಅಲೆದು ತಾಳೆಗರಿಗಳನ್ನು ಕೂಡಿಸಿ, ಪೂಜೆಯ ಗಂಟಿನೊಳಗೆ ಉಳಿದುಹೋಗಿದ್ದ ವಚನಗಳನ್ನು ಪರಿಷ್ಕರಿಸಿ, ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿ, 1926ರಿಂದ ತಮ್ಮ ಪತ್ರಿಕೆಯ ಮೂಲಕ ಎಲ್ಲರಿಗೂ ಮುಟ್ಟಿಸಿದರು. ಅವರು ತೀರಿಕೊಂಡದ್ದು 1964ರಲ್ಲಿ. ಲೇಖಕರ ಮರಣದ ನಂತರ ಅರವತ್ತು ವರ್ಷ ಎಂಬ ಕಾಯ್ದೆಯ ಲೆಕ್ಕದಂತೆ, ಅವರ ಬರಹಗಳ ಮೇಲಿನ ಕೃತಿಸ್ವಾಮ್ಯ 2024ರ ಕೊನೆಗೆ ಮುಗಿದಿದೆ. ಕೋಪದ ಬಗ್ಗೆ, ಪರನಿಂದೆಯ ಬಗ್ಗೆ ವಚನಕಾರರು ಆಡಿದ ಮಾತುಗಳನ್ನು ಅವರ ಪರಿಷ್ಕರಣೆಯಿಂದಲೇ ಎತ್ತಿಕೊಂಡು ಪಾಠ ಕಟ್ಟಲು ಈಗ ಯಾರ ಅಪ್ಪಣೆಯೂ ಬೇಕಿಲ್ಲ.

ನೆರೆಯ ಜಿಲ್ಲೆಗಳ ಶಿಕ್ಷಕರಲ್ಲಿಯೂ ನನ್ನದೊಂದು ವಿನಂತಿಯಿದೆ. ಆಲಮಟ್ಟಿಯ ಹಿನ್ನೀರಿನಿಂದಾಗಿ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಬಾಗಲಕೋಟೆಯ ಮನೆಗಳ ಮಕ್ಕಳಿಗೆ, ಹಳೆಯ ಊರಿನವರು ಹೊಸ ಊರಿನವರು ಎಂಬ ಮಾತು ಹೇಗೆ ಚುಚ್ಚುತ್ತದೆ ಎಂಬುದನ್ನು ಅಲ್ಲಿಯವರೇ ಬರೆಯಬಲ್ಲರು. ಬೆಳಗಾವಿಯ ಒಂದೇ ಓಣಿಯಲ್ಲಿ ಕನ್ನಡ ಶಾಲೆಗೂ ಮರಾಠಿ ಶಾಲೆಗೂ ಹೋಗುವ ಮಕ್ಕಳು ಸಂಜೆ ಒಂದೇ ಬಯಲಲ್ಲಿ ಆಡುತ್ತಾರೆ. ಬಯಲಿನ ಜಗಳ ಭಾಷೆಯ ಜಗಳವಾಗದಂತೆ ನಡೆಸುವ ಪಾಠ ಎರಡೂ ಭಾಷೆಗಳಲ್ಲಿ ಅಕ್ಕಪಕ್ಕದ ಪುಟಗಳಲ್ಲಿರಬೇಕು. ಅದನ್ನು ವಿಜಯಪುರದ ನಾನು ಬರೆಯಲಾರೆ, ಬರೆಯಲೂಬಾರದು. ಮೂರೂ ಜಿಲ್ಲೆಗಳ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಈ ವರ್ಷದ ಶಿಕ್ಷಕರ ತರಬೇತಿಯಲ್ಲಿ ಒಂದೇ ಒಂದು ದಿನವನ್ನು ಇದಕ್ಕೆ ಮೀಸಲಿಟ್ಟು, ಬಂದವರು ತಮ್ಮಲ್ಲಿರುವ ಒಂದೊಂದು ಪಾಠವನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ, ಪರವಾನಗಿಯ ಸಾಲು ಹಾಕಿ, ಇನ್ನೊಬ್ಬರು ಓದಿ ತಿದ್ದಿದ ಮೇಲೆ ರಾಜ್ಯದ ತಾಣಕ್ಕೆ ಏರಿಸಿಯೇ ಮನೆಗೆ ಹೋಗುವಂತೆ ಮಾಡಬೇಕೆಂದು ಕೋರುತ್ತೇನೆ. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಅನುದಾನವಾಗಲಿ ಬೇಕಾಗದು. ದುಡಿದು ಬರೆದದ್ದನ್ನು ಪುಕ್ಕಟೆ ಏಕೆ ಕೊಡಬೇಕು ಎಂದು ಕೇಳುವ ಕಿರಿಯ ಶಿಕ್ಷಕರಿಗೆ ನನ್ನ ಉತ್ತರವಿಷ್ಟೆ: ಹೆಸರು ನಿಮ್ಮದಾಗಿಯೇ ಉಳಿಯುತ್ತದೆ, ಮತ್ತು ನೀವು ಕೊಟ್ಟ ಒಂದು ಪಾಠಕ್ಕೆ ಬದಲಾಗಿ ಉಳಿದವರ ಪಾಠಗಳೆಲ್ಲ ನಿಮ್ಮ ತರಗತಿಗೆ ಬರುತ್ತವೆ.

ಬೋರ್‌ವೆಲ್ಲಿನ ಪಾಠವನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಬರೆದ ಮೂವರ ಹೆಸರೂ ಪರವಾನಗಿಯ ಸಾಲೂ ಅದರಲ್ಲಿದೆ. ತಾವು ಅದನ್ನು ಯಾವ ದಿನವಾದರೂ ಅಚ್ಚುಹಾಕಬಹುದು, ಜಾಗಕ್ಕೆ ತಕ್ಕಂತೆ ಚಿಕ್ಕದಾಗಿಸಲೂಬಹುದು, ನಮ್ಮ ಅನುಮತಿ ಕೇಳಬೇಕಿಲ್ಲ; ತಲೆಯಲ್ಲಿರುವ ಮೂರು ಸಾಲಿನ ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ತೆಗೆಯಬೇಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ವಿಜಯಪುರ